ಹಳೆಯ ಸೌಂಡ್ ಕಾರ್ಡಿಗೆ ದನಿ ಬರಿಸುವ ಬಗೆ

ಮುಂಬಯಿಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ್’ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ಬಂಗಾರ’ ಅಂತಲೇ ಕೇಳಿಸುತ್ತದೆ. ಊರಿನಿಂದ ಹೊಸದಾಗಿ ಬಂದವರು ಭಂಗಾರದವನ ಕೂಗು ಕೇಳಿ ಚಿನ್ನದ ವ್ಯಾಪಾರಿ ಬಂದ ಅಂದುಕೊಂಡ ತಮಾಷೆಯನ್ನು ನಮ್ಮ ಸಂಘದಲ್ಲಿ ಕೇಳದವರಿಲ್ಲ. ನಾನು ಈಗ ಹೇಳಹೊರಟಿರುವ ವಿಷಯದಲ್ಲಿ ಮಾತ್ರ ಎರಡು ಅರ್ಥವೂ ಸರಿ. ಹಳೆಯ ಕಂಪ್ಯೂಟರ್ ಕಾರ್ಡುಗಳ ಅಂಚಿನಲ್ಲಿ ಸಾಲಾಗಿ ಹೊಳೆಯುವ ಪಟ್ಟಿಗಳಿವೆಯಲ್ಲ, ಅವುಗಳ ಮೇಲಿರುವುದು ಚಿನ್ನದ ತೆಳು ಲೇಪ. ಆ ಲೇಪದ ಆಸೆಗೇ ಎಷ್ಟೋ ಕಾರ್ಡುಗಳು ತೂಕಕ್ಕೆ ಮಾರಿ ಹೋಗುತ್ತವೆ. ಅವುಗಳ ಜೊತೆ ಸೌಂಡ್ ಕಾರ್ಡುಗಳೂ ಹೋಗುತ್ತವೆ.

ಹೋಗಲಿ ಬಿಡಿ, ಕೆಟ್ಟದ್ದು ಹೋದರೆ ಏನಂತೆ ಅನ್ನಬಹುದು. ತಕರಾರು ಇರುವುದು ಅಲ್ಲೇ. ‘ಕೆಟ್ಟಿದೆ’ ಅಂತ ಹೇಳಿಸಿಕೊಂಡ ಕಾರ್ಡು ಎಷ್ಟೋ ಸಲ ಕೆಟ್ಟಿರುವುದಿಲ್ಲ. ಅದಕ್ಕೂ ಆಟಕ್ಕೂ ನಡುವೆ ಮೂರು ನಂಬರುಗಳು ಹೊಂದಿಕೊಂಡಿರುವುದಿಲ್ಲ, ಅಷ್ಟೇ. ಆ ಮೂರು ನಂಬರುಗಳ ವಿಚಾರ ತಿಳಿದರೆ ಮೂವತ್ತು ವರ್ಷದಿಂದ ಮಾತಾಡದ ಕಾರ್ಡನ್ನೂ ಒಂದು ಸಂಜೆಯಲ್ಲಿ ಮಾತಾಡಿಸಬಹುದು. ಅದು ಹೇಗೆ ಅನ್ನುವುದೇ ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ

ಡಾಸ್ ಅಂದರೇನು ಅಂತ ಈಗ ಮೊದಲ ವರ್ಷದಲ್ಲಿರುವವರು ಕೇಳಿದರೆ ಅದು ಅವರ ತಪ್ಪಲ್ಲ. 1981ರಲ್ಲಿ ಐಬಿಎಂ ಕಂಪನಿಯ ಪಿಸಿಯ ಜೊತೆಗೆ ಬಂದು, 1995ರಲ್ಲಿ ವಿಂಡೋಸ್ 95 ಬಂದು ಕೂರುವ ತನಕ ಪಿಸಿ ಆಟಗಳ ಪ್ರಪಂಚವನ್ನು ಆಳಿದ್ದು ಡಾಸ್. ಕಪ್ಪು ಪರದೆ, ಅದರ ಮೇಲೊಂದು ‘ಸಿ’ ಅಕ್ಷರ, ಪಕ್ಕದಲ್ಲಿ ಮಿಣುಕುವ ಗೆರೆ. ಬೇಕಾದ್ದನ್ನು ಕೈಯಾರೆ ಬೆರಳಚ್ಚು ಮಾಡಬೇಕು. ನಿಮ್ಮ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಕೇಳಿ ನೋಡಿ. ‘ಡೇವ್’, ‘ಪ್ರಿನ್ಸ್’ ಎಂಬ ಎರಡು ಹೆಸರು ಹೇಳಿದರೆ ಸಾಕು, ಮುಖ ಅರಳುತ್ತದೆ.

ಆ ಪಿಸಿಗೆ ಹುಟ್ಟಿನಿಂದ ಇದ್ದದ್ದು ಒಂದು ಪುಟ್ಟ ಸ್ಪೀಕರು. ಒಂದು ಹೊತ್ತಿಗೆ ಒಂದೇ ಸ್ವರ, ಅದೂ ಕೀರಲು. ‘ಡೇಂಜರಸ್ ಡೇವ್’ ಆಟದ ಸದ್ದೆಲ್ಲ ಇದರದೇ. 1987ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಆಡ್‌ಲಿಬ್ ಕಂಪನಿ ಒಂದು ಕಾರ್ಡು ತಂದಿತು. ಅದರಲ್ಲಿ ಜಪಾನಿನ ಯಮಾಹ ಕಂಪನಿಯ ವೈಎಂ3812 ಎಂಬ ಚಿಪ್ಪು. ಒಟ್ಟಿಗೆ 9 ಸ್ವರ ನುಡಿಸಬಲ್ಲದು. ಎರಡು ವರ್ಷದ ಮೇಲೆ, 1989ರಲ್ಲಿ, ಸಿಂಗಾಪುರದ ಕ್ರಿಯೇಟಿವ್ ಕಂಪನಿ ‘ಸೌಂಡ್ ಬ್ಲಾಸ್ಟರ್’ ತಂದಿತು. ಅದೇ ಯಮಾಹ ಚಿಪ್ಪು, ಜೊತೆಗೆ ಧ್ವನಿಮುದ್ರಣ ಮಾಡಿಟ್ಟ ಸದ್ದನ್ನು ಹಾಗೇ ಒಪ್ಪಿಸುವ ಶಕ್ತಿ, ಮೇಲಿಂದ ಜಾಯ್‌ಸ್ಟಿಕ್ ಚುಚ್ಚುವ ಜಾಗ. ಆಡ್‌ಲಿಬ್ ಹಿಂದೆ ಬಿತ್ತು, ಸೌಂಡ್ ಬ್ಲಾಸ್ಟರ್ ಗೆದ್ದಿತು. 1992ರ ‘ಸೌಂಡ್ ಬ್ಲಾಸ್ಟರ್ 16’ ಬರುವ ಹೊತ್ತಿಗೆ ಮಿಕ್ಕ ಕಂಪನಿಗಳೆಲ್ಲ ‘ನಮ್ಮದೂ ಸೌಂಡ್ ಬ್ಲಾಸ್ಟರಿನ ಹಾಗೆಯೇ’ ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿಸಿಕೊಳ್ಳುವ ಸ್ಥಿತಿ ಬಂದಿತ್ತು. ನನ್ನ ಹತ್ತಿರ ಇರುವುದೂ ಒಂದು ಸೌಂಡ್ ಬ್ಲಾಸ್ಟರ್ 16. ಉದಾಹರಣೆಗೆಲ್ಲ ಅದನ್ನೇ ತೆಗೆದುಕೊಳ್ಳುತ್ತೇನೆ.

ಈ ಕಾರ್ಡಿನಲ್ಲಿ ಎರಡು ಬೇರೆ ಬೇರೆ ಬಗೆಯ ದನಿಗಳಿವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ರೋಗ ಪತ್ತೆ ಮಾಡುವಾಗ ಇದೇ ನಾಡಿ. ಕಂಪನಿ ನಾಟಕಗಳಲ್ಲಿ ರಂಗದ ಪಕ್ಕ ಪೇಟಿ ಮಾಸ್ತರು ಕೂತಿರುತ್ತಾರೆ. ಅವರಿಗೆ ಇಂಥ ಸ್ವರ ಅಂತ ಹೇಳಿದರೆ ಸಾಕು, ನುಡಿಸುವುದು ಅವರ ಕೆಲಸ. ಯಮಾಹ ಚಿಪ್ಪು ಅಂಥ ಪೇಟಿ ಮಾಸ್ತರು. ಆಟವು ಅದಕ್ಕೆ ‘ಈ ಸ್ವರ, ಇಷ್ಟು ಜೋರು’ ಅಂತ ಎರಡಕ್ಷರದ ಆಜ್ಞೆ ಕೊಡುತ್ತದೆ, ಅದು ತಾನೇ ನಾದ ಹುಟ್ಟಿಸಿಕೊಳ್ಳುತ್ತದೆ. ಒಂದು ಅಲೆಯಿಂದ ಇನ್ನೊಂದು ಅಲೆಯ ವೇಗವನ್ನು ಕುಲುಕಿ ನಾದ ಹುಟ್ಟಿಸುವ ಈ ‘ಎಫ್‌ಎಂ’ ವಿಧಾನವನ್ನು 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಹಿಡಿದರು. ಸೌಂಡ್ ಬ್ಲಾಸ್ಟರ್ 16ರಲ್ಲಿರುವ ವೈಎಂಎಫ್262 ಚಿಪ್ಪು 18 ಸ್ವರಗಳ ಮಾಸ್ತರು. ಆಟದ ಸಂಗೀತವೆಲ್ಲ ಸಾಮಾನ್ಯವಾಗಿ ಇಲ್ಲಿಂದ.

ಎರಡನೆಯದು ಧ್ವನಿಮುದ್ರಣ. ಗುಂಡಿನ ಸದ್ದು, ಬಾಗಿಲಿನ ಕಿರ್ರು, ರಾಕ್ಷಸನ ಗುರ್ರು ಇವಕ್ಕೆ ಪೇಟಿ ಸಾಲದು. ಅವನ್ನು ಮೊದಲೇ ಮುದ್ರಿಸಿ ಅಂಕಿಗಳ ರಾಶಿಯಾಗಿ ಡಿಸ್ಕಿನಲ್ಲಿ ಇಟ್ಟಿರುತ್ತಾರೆ. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟದ ಸದ್ದುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 11,025 ಅಂಕಿಗಳಂತೆ ಮುದ್ರಿಸಿದವು. ಅಷ್ಟನ್ನೂ ಎಲ್ಲೂ ನಿಲ್ಲದಂತೆ ಕಾರ್ಡಿಗೆ ಸುರಿಯುತ್ತಲೇ ಇರಬೇಕು. ತೊಂದರೆ ಶುರುವಾಗುವುದು ಈ ಸುರಿಯುವ ಕೆಲಸದಲ್ಲೇ.

ಮೂರು ನಂಬರು

ಈಗಿನ ಕಂಪ್ಯೂಟರಿನಲ್ಲಿ ಆಟಕ್ಕೆ ಸೌಂಡ್ ಕಾರ್ಡು ಯಾವುದು ಅಂತ ಗೊತ್ತಿರಬೇಕಾಗಿಲ್ಲ. ವಿಂಡೋಸ್ ನಡುವೆ ನಿಂತು ದಲ್ಲಾಳಿ ಕೆಲಸ ಮಾಡುತ್ತದೆ. ಡಾಸಿನಲ್ಲಿ ದಲ್ಲಾಳಿ ಇಲ್ಲ. ಪ್ರತಿಯೊಂದು ಆಟವೂ ಕಾರ್ಡಿನ ಜೊತೆ ನೇರ ವ್ಯವಹಾರ. ಹಾಗಾಗಿ ಕಾರ್ಡು ಎಲ್ಲಿದೆ, ಹೇಗೆ ಕರೆಯುತ್ತದೆ, ಸಾಮಾನು ಯಾವ ದಾರಿಯಲ್ಲಿ ತರಿಸಿಕೊಳ್ಳುತ್ತದೆ ಎಂಬ ಮೂರನ್ನೂ ಆಟಕ್ಕೆ ನಾವೇ ತಿಳಿಸಬೇಕು.

ಒಂದನೆಯದು ವಿಳಾಸ. ನಮ್ಮ ಚಾಳುಗಳಲ್ಲಿ ಖೋಲಿ ನಂಬರು ಇರುತ್ತದಲ್ಲ, ಹಾಗೆ. ಸೌಂಡ್ ಬ್ಲಾಸ್ಟರಿನ ಖೋಲಿ ನಂಬರು ವಾಡಿಕೆಯಲ್ಲಿ 220. ಇದು ನಮ್ಮ ಹತ್ತರ ಲೆಕ್ಕ ಅಲ್ಲ, ಹದಿನಾರರ ಲೆಕ್ಕ. ಹಿಂದೆ ರೂಪಾಯಿಗೆ ಹದಿನಾರಾಣೆ ಇತ್ತಲ್ಲ, ಆ ಜಾತಿಯದು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 544 ಆಗುತ್ತದೆ. ಆದರೆ ತಿರುಗಿಸುವ ಗೋಜು ಬೇಡ, ಎಲ್ಲರೂ 220 ಅಂತಲೇ ಬರೆಯುವುದು. ಪೇಟಿ ಮಾಸ್ತರಿಗೆ ಮಾತ್ರ ಬೇರೊಂದು ಬಾಗಿಲೂ ಇದೆ, 388. ಆಡ್‌ಲಿಬ್ ಕಾಲದಿಂದ ಬಂದ ಹಳೆಯ ಬಾಗಿಲು ಅದು.

ಎರಡನೆಯದು ಕರೆಗಂಟೆ. ಇದಕ್ಕೆ ಐಆರ್‌ಕ್ಯೂ ಎಂದು ಹೆಸರು. ಕಾರ್ಡಿನ ಹತ್ತಿರ ಇದ್ದ ಸರಕು ಮುಗಿಯುತ್ತಾ ಬಂದಾಗ ಅದು ಗಂಟೆ ಬಾರಿಸಿ ‘ಮುಂದಿನ ಕಂತು ಕಳಿಸಿ’ ಅನ್ನುತ್ತದೆ. ಪಿಸಿಯಲ್ಲಿ 0ಯಿಂದ 15ರವರೆಗೆ ಹದಿನಾರು ಗಂಟೆಗಳಿವೆ. ಬಹುಮಟ್ಟಿಗೆ ಎಲ್ಲಕ್ಕೂ ಯಜಮಾನರಿದ್ದಾರೆ. 0 ಗಡಿಯಾರದ್ದು, 1 ಕೀಲಿಮಣೆಯದು, 6 ಫ್ಲಾಪಿಯದು, 14 ಹಾರ್ಡ್ ಡಿಸ್ಕಿನದು. ಸೌಂಡ್ ಕಾರ್ಡಿಗೆ ಸಿಗುವುದು ಸಾಧಾರಣವಾಗಿ 5 ಅಥವಾ 7. ಇದರಲ್ಲಿ 7 ಲೆಕ್ಕಕ್ಕೆ ಪ್ರಿಂಟರಿನದು. ಡಾಸ್ ಪ್ರಿಂಟರಿನ ಗಂಟೆಗೆ ಅಷ್ಟಾಗಿ ಕಿವಿ ಕೊಡುವುದಿಲ್ಲವಾದ್ದರಿಂದ 7ರಲ್ಲೂ ಕೆಲಸ ನಡೆದೀತು. ಆದರೂ 5 ಇಟ್ಟುಕೊಳ್ಳುವುದು ಕ್ಷೇಮ.

ಮೂರನೆಯದು ಡಿಎಂಎ. ಅಂಗಡಿಯ ಯಜಮಾನ ಗಲ್ಲೆಯ ಮೇಲೆ ಕೂತಿರುತ್ತಾನೆ. ಗೋದಾಮಿನಿಂದ ಒಂದೊಂದು ಚೀಲವನ್ನೂ ಅವನೇ ಹೊತ್ತು ತರಲು ಹೊರಟರೆ ವ್ಯಾಪಾರ ನಿಂತುಹೋಗುತ್ತದೆ. ಅದಕ್ಕೆ ಹಮಾಲ ಬೇಕು. ಪಿಸಿಯಲ್ಲಿ ಪ್ರೊಸೆಸರು ಯಜಮಾನ, ಡಿಎಂಎ ಹಮಾಲ. ಯಜಮಾನನನ್ನು ಎಬ್ಬಿಸದೆ ಮೆಮೊರಿಯಿಂದ ನೇರವಾಗಿ ಕಾರ್ಡಿಗೆ ಸರಕು ಸಾಗಿಸುತ್ತದೆ. 2ನೇ ಹಮಾಲ ಫ್ಲಾಪಿಗೆ ಮೀಸಲು. ಸೌಂಡ್ ಬ್ಲಾಸ್ಟರಿಗೆ ವಾಡಿಕೆಯಂತೆ 1. ಸೌಂಡ್ ಬ್ಲಾಸ್ಟರ್ 16ಕ್ಕೆ ದೊಡ್ಡ ಚೀಲ ಹೊರುವ ಇನ್ನೊಬ್ಬನೂ ಬೇಕು, ಅವನು 5. ಗಂಟೆಯ 5 ಬೇರೆ, ಹಮಾಲನ 5 ಬೇರೆ. ಇಬ್ಬರ ಹೆಸರೂ ರಾಮ ಅಂತ ಇದ್ದಾರೆ ಅಂದುಕೊಳ್ಳಿ.

ಇನ್ನು ನಾನು ಹೇಳಿದ ‘ನಾಡಿ’ಗೆ ಬರೋಣ. ಪೇಟಿ ಮಾಸ್ತರಿಗೆ ಗಂಟೆಯೂ ಬೇಡ, ಹಮಾಲನೂ ಬೇಡ. 388ನೇ ಬಾಗಿಲಲ್ಲಿ ನಿಂತು ಸ್ವರ ಹೇಳಿದರೆ ಆಯಿತು. ಧ್ವನಿಮುದ್ರಣಕ್ಕೆ ಮಾತ್ರ ಮೂರೂ ಬೇಕು. ಅಂದಮೇಲೆ ಆಟದಲ್ಲಿ ಸಂಗೀತ ಬಂದು ಗುಂಡಿನ ಸದ್ದು ಬಾರದಿದ್ದರೆ ಕಾರ್ಡು ಸತ್ತಿದೆ ಅನ್ನುವಂತಿಲ್ಲ. ಅದು ಬದುಕಿದೆ, ಸ್ಲಾಟಿನಲ್ಲಿ ಸರಿಯಾಗಿ ಕೂತಿದೆ, ಸ್ಪೀಕರಿನ ತಂತಿಯೂ ಸರಿ ಇದೆ ಅಂತ ಆ ಸಂಗೀತವೇ ಸಾಕ್ಷಿ ಹೇಳುತ್ತಿದೆ.

ಮೂರು ಜಾಗ

ಈ ಮೂರು ನಂಬರುಗಳನ್ನು ಮೂರು ಜಾಗದಲ್ಲಿ ಬರೆದಿರುತ್ತದೆ. ಮೂರರಲ್ಲೂ ಒಂದೇ ಇರಬೇಕು. ನನ್ನ ಅನುಭವದಲ್ಲಿ ಕಷ್ಟವೆಲ್ಲ ಇಷ್ಟರಲ್ಲೇ ಅಡಗಿದೆ.

ಮೊದಲ ಜಾಗ ಕಾರ್ಡೇ. ಹಳೆಯ ಕಾರ್ಡುಗಳಲ್ಲಿ ಸಣ್ಣ ಸಣ್ಣ ಪಿನ್ನುಗಳ ಜೋಡಿಗಳಿದ್ದು ಅವುಗಳ ಮೇಲೆ ಕಪ್ಪು ಟೊಪ್ಪಿಗೆಯಂಥ ಜಂಪರು ಇರುತ್ತದೆ. ಯಾವ ಜೋಡಿಯ ಮೇಲೆ ಟೊಪ್ಪಿಗೆ ಇದೆಯೋ ಆ ನಂಬರು. ಆಮೇಲೆ ಬಂದವುಗಳಲ್ಲಿ, ನನ್ನದೂ ಅಂಥದೇ, ವಿಳಾಸಕ್ಕೆ ಮಾತ್ರ ಜಂಪರು. ಗಂಟೆಯನ್ನೂ ಹಮಾಲನನ್ನೂ ‘ಡಯಾಗ್ನೋಸ್’ ಎಂಬ ಪ್ರೋಗ್ರಾಮು ಪ್ರತಿ ಸಲವೂ ಕಂಪ್ಯೂಟರ್ ಏಳುವಾಗ ಕಾರ್ಡಿಗೆ ಹೇಳಿಕೊಡಬೇಕು. ಮೂರನೆಯ ಪೀಳಿಗೆ ‘ಪ್ಲಗ್ ಅಂಡ್ ಪ್ಲೇ’ ಕಾರ್ಡುಗಳದು. ಹೆಸರು ಕೇಳಿದರೆ ಚುಚ್ಚಿದರೆ ಸಾಕು ಅನ್ನಿಸುತ್ತದೆ. ಡಾಸಿನಲ್ಲಿ ನಡೆಯುವುದು ಬೇರೆ. ಈ ಕಾರ್ಡು ವಿದ್ಯುತ್ತು ಬಂದಾಗ ನಿದ್ದೆಯಲ್ಲಿರುತ್ತದೆ, ಯಾರಾದರೂ ಎಬ್ಬಿಸಿ ನಂಬರು ಕೊಡುವ ತನಕ ಯಾವ ಬಾಗಿಲಲ್ಲೂ ಉತ್ತರ ಕೊಡುವುದಿಲ್ಲ. ಕ್ರಿಯೇಟಿವ್ ಕಾರ್ಡುಗಳನ್ನು ಎಬ್ಬಿಸುವ ಪ್ರೋಗ್ರಾಮಿನ ಹೆಸರು ಸಿಟಿಸಿಎಂ. ಅದನ್ನು ಓಡಿಸದೆ ‘ಕಾರ್ಡು ಸತ್ತಿದೆ’ ಎಂದು ತೀರ್ಪು ಕೊಟ್ಟರೆ ಮಲಗಿದವನನ್ನು ಚಟ್ಟಕ್ಕೆ ಏರಿಸಿದ ಹಾಗೆ.

ಎರಡನೆಯ ಜಾಗ ‘ಆಟೋಎಕ್ಸೆಕ್.ಬ್ಯಾಟ್’ ಎಂಬ ಫೈಲು. ಕಂಪ್ಯೂಟರ್ ಎದ್ದಾಗಲೆಲ್ಲ ಡಾಸ್ ಇದನ್ನು ಓದುತ್ತದೆ. ಅದರಲ್ಲಿ ಹೀಗೊಂದು ಸಾಲು ಇರಬೇಕು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬೆರಳಚ್ಚು ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6

‘ಎ’ ವಿಳಾಸ, ‘ಐ’ ಗಂಟೆ, ‘ಡಿ’ ಸಣ್ಣ ಹಮಾಲ, ‘ಎಚ್’ ದೊಡ್ಡ ಹಮಾಲ, ‘ಪಿ’ ಹೊರಗಿನ ಸಂಗೀತ ವಾದ್ಯ ಜೋಡಿಸುವ ಮಿಡಿ ಬಾಗಿಲು, ‘ಟಿ’ ಕಾರ್ಡಿನ ಜಾತಿ. ಟಿ6 ಅಂದರೆ ಸೌಂಡ್ ಬ್ಲಾಸ್ಟರ್ 16. ಸಮ ಚಿಹ್ನೆಯ ಹಿಂದೆ ಜಾಗ ಬಿಡಬೇಡಿ. ಬಿಟ್ಟರೆ ಡಾಸ್ ಆ ಖಾಲಿ ಜಾಗವನ್ನೂ ಹೆಸರಿಗೇ ಸೇರಿಸಿಕೊಳ್ಳುತ್ತದೆ, ಆಟ ಹುಡುಕಿದಾಗ ‘ಬ್ಲಾಸ್ಟರ್’ ಸಿಗುವುದಿಲ್ಲ. ಬರೆದದ್ದು ಸರಿಯಾಗಿದೆಯೇ ಅಂತ ನೋಡಲು ಬರೇ ‘ಸೆಟ್’ ಎಂದು ಒತ್ತಿದರೆ ಎಲ್ಲಾ ಸಾಲುಗಳನ್ನೂ ತೋರಿಸುತ್ತದೆ.

ಈ ಸಾಲು ಬರೀ ಬೋರ್ಡು ಅನ್ನುವುದು ನೆನಪಿರಲಿ. ಬಾಗಿಲ ಮೇಲೆ ‘ಡಾಕ್ಟರ್’ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಒಳಗಿರುವವನು ಡಾಕ್ಟರ್ ಆಗುವುದಿಲ್ಲ. ಜಂಪರು 7ರ ಮೇಲಿದ್ದು ಸಾಲಿನಲ್ಲಿ ಐ5 ಎಂದು ಬರೆದರೆ ಕಾರ್ಡು 7ನ್ನೇ ಬಾರಿಸುತ್ತದೆ, ಆಟ 5ಕ್ಕೆ ಕಿವಿಗೊಟ್ಟು ಕಾಯುತ್ತಲೇ ಇರುತ್ತದೆ. ಜಂಪರು ಇಲ್ಲದ ನನ್ನಂಥ ಕಾರ್ಡಿಗೆ ಈ ಸಾಲಿನ ಕೆಳಗೆ ಇನ್ನೊಂದು ಸಾಲು ಬೇಕು:

ಸಿ:\ಎಸ್‌ಬಿ16\ಡಯಾಗ್ನೋಸ್ /ಎಸ್

ಇದು ಮೇಲಿನ ಬೋರ್ಡನ್ನು ಓದಿ ಅದರಂತೆ ಕಾರ್ಡನ್ನು ಹೊಂದಿಸುತ್ತದೆ. ಆದ್ದರಿಂದ ಬೋರ್ಡು ಮೊದಲು, ಇದು ಆಮೇಲೆ. ಕ್ರಮ ತಪ್ಪಬಾರದು.

ಮೂರನೆಯ ಜಾಗ ಆಟ. ಕೆಲವು ಆಟಗಳು ತಾವೇ ಬೋರ್ಡು ಓದಿಕೊಳ್ಳುತ್ತವೆ. 1992ರ ‘ವುಲ್ಫೆನ್‌ಸ್ಟೈನ್ 3ಡಿ’ ಅಂಥದು. ಡೂಮ್ ಥರದವುಗಳಲ್ಲಿ ‘ಸೆಟಪ್’ ಎಂಬ ಬೇರೆ ಪ್ರೋಗ್ರಾಮು ಓಡಿಸಿ ಸಂಗೀತಕ್ಕೆ ಯಾವ ಕಾರ್ಡು, ಸದ್ದಿಗೆ ಯಾವ ಕಾರ್ಡು, ವಿಳಾಸ ಏನು, ಗಂಟೆ ಏನು, ಹಮಾಲ ಯಾರು ಅಂತ ಒಂದೊಂದಾಗಿ ಆರಿಸಬೇಕು.

ಕೈಗೆ ಕೆಲಸ

ಇನ್ನು ಕಾರ್ಡು ಕೂರಿಸುವುದು. ಹಳೆಯ ಪಿಸಿಯ ಮದರ್‌ಬೋರ್ಡಿನಲ್ಲಿ ಉದ್ದನೆಯ ಕಪ್ಪು ಸ್ಲಾಟುಗಳಿರುತ್ತವೆ. ಅವು ಐಎಸ್‌ಎ ಸ್ಲಾಟು. ಪಕ್ಕದಲ್ಲಿ ಗಿಡ್ಡನೆಯ ಬಿಳಿಯವು ಇದ್ದರೆ ಅವು ಪಿಸಿಐ, ನಮ್ಮ ಕಾರ್ಡಿಗೆ ಆಗುವುದಿಲ್ಲ. ಇದೇ ಕಪ್ಪು ಸ್ಲಾಟಿಗೂ ಕನ್ನಡಕ್ಕೂ ಒಂದು ನಂಟಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಕಾರ್ಡನ್ನು ಚುಚ್ಚುತ್ತಿದ್ದದ್ದು ಇಲ್ಲೇ. ಡಾಸಿನ ಪರದೆಯ ಮೇಲೆ ಕನ್ನಡವೂ ಸೇರಿ ನಮ್ಮ ದೇಶದ ಲಿಪಿಗಳು ಮೂಡುವಂತೆ ಮಾಡಿದ ಕಾರ್ಡು ಅದು. ಗುಜರಿ ಅಂಗಡಿಯಲ್ಲಿ ಸೌಂಡ್ ಕಾರ್ಡು ಹುಡುಕುವವರು ಅದರ ಮೇಲೂ ಒಂದು ಕಣ್ಣಿಟ್ಟಿರಿ.

ಕಾರ್ಡು ಆರಿಸುವಾಗ ಯಮಾಹ ಹೆಸರಿನ ಚಿಪ್ಪು ಇದೆಯೇ ನೋಡಿ. ಸೌಂಡ್ ಬ್ಲಾಸ್ಟರ್ 16 ಎಂದು ಬರೆದ ಕಾರ್ಡುಗಳೆಲ್ಲ ಒಂದೇ ಅಲ್ಲ. ಕೊನೆಕೊನೆಯ ವರ್ಷಗಳವುಗಳಲ್ಲಿ ಯಮಾಹ ಚಿಪ್ಪಿನ ಬದಲು ಕ್ರಿಯೇಟಿವ್ ಕಂಪನಿಯದೇ ಅನುಕರಣೆ ಕೂತಿತು. ಆಟ ನಡೆಯುತ್ತದೆ, ಆದರೆ ಸಂಗೀತದಲ್ಲಿ ಏನೋ ತಗಡಿನ ಸದ್ದು ಬೆರೆತ ಹಾಗಿರುತ್ತದೆ. ಪೇಟಿ ಅದೇ, ಮಾಸ್ತರು ಬೇರೆ.

ವಿದ್ಯುತ್ತಿನ ತಂತಿಯನ್ನು ಗೋಡೆಯಿಂದಲೇ ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು ಆಮೇಲೆ ಕೈ ಹಾಕಿ. ಈ ಊರಿನ ಉಪ್ಪುಗಾಳಿಗೆ ಕಾರ್ಡಿನ ಅಂಚು ಮಂಕಾಗಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಒಂದೆರಡು ಸಲ ಎಳೆದು ಪುಡಿ ಒರೆಸಿ. ಚಿನ್ನದ ಲೇಪ ಬಹಳ ತೆಳು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಾರದು. ಕಾರ್ಡನ್ನು ಎರಡೂ ತುದಿಯಲ್ಲಿ ಸಮನಾಗಿ ಒತ್ತಿ ಕೂರಿಸಿ ಸ್ಕ್ರೂ ಹಾಕಿ. ಸ್ಪೀಕರಿಗೆ ತನ್ನದೇ ವಿದ್ಯುತ್ತು ಇದ್ದರೆ ‘ಲೈನ್ ಔಟ್’ ತೂತಿಗೆ ಚುಚ್ಚಿ. ಸಿಡಿಯಿಂದ ಹಾಡು ನುಡಿಸುವ ಆಟಗಳಿದ್ದರೆ ಸಿಡಿ ಡ್ರೈವಿನ ಬೆನ್ನಿನಿಂದ ಸೌಂಡ್ ಕಾರ್ಡಿಗೆ ಬರುವ ನಾಲ್ಕು ಪಿನ್ನಿನ ಸಣ್ಣ ತಂತಿಯನ್ನು ಮರೆಯಬೇಡಿ. ಆ ಹಾಡು ಬರುವುದು ಆ ತಂತಿಯಲ್ಲೇ.

ಪೆಂಟಿಯಂ ಕಾಲದ ಪಿಸಿಯಾದರೆ ಇನ್ನೊಂದು ಕೆಲಸ ಇದೆ. ಅಲ್ಲಿ ಪಿಸಿಐ ಕಾರ್ಡುಗಳಿಗೆ ಗಂಟೆ ಹಂಚುವುದು ಬಯಾಸ್. ಅದಕ್ಕೆ 5ನೇ ಗಂಟೆಗೆ ಯಜಮಾನನಿದ್ದಾನೆ ಅಂತ ಗೊತ್ತಿರುವುದಿಲ್ಲ, ಬೇರೆ ಕಾರ್ಡಿಗೆ ಕೊಟ್ಟುಬಿಡಬಹುದು. ಬಯಾಸಿನ ಪಟ್ಟಿಯಲ್ಲಿ ‘ಐಆರ್‌ಕ್ಯೂ 5’ ಎದುರಿಗೆ ‘ಲೆಗಸಿ ಐಎಸ್‌ಎ’ ಎಂದು ಬರೆದರೆ ಆ ಗಂಟೆ ನಮ್ಮ ಕಾರ್ಡಿಗೆ ಮೀಸಲು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ತೀರಿದ್ದರೆ ಪ್ಲಗ್ಗು ಕಿತ್ತಾಗಲೆಲ್ಲ ಈ ಮೀಸಲಾತಿ ಮರೆತುಹೋಗುತ್ತದೆ. ಹೊಸ ಬ್ಯಾಟರಿ ಹಾಕಿಬಿಡಿ. ಇನ್ನೂ ಹಳೆಯ ಬೋರ್ಡುಗಳಲ್ಲಿ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದೆ. ಅದು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಪಿಸಿ ಮನೆಗೆ ಬಂದ ದಿನವೇ ಅದನ್ನು ತೆಗೆಸುವುದು ಒಳ್ಳೆಯದು.

ಕ್ರಿಯೇಟಿವ್ ಕಂಪನಿಯ ಫ್ಲಾಪಿಯಿಂದ ಎಲ್ಲವನ್ನೂ ಹಾಕಿಸಿದರೆ ‘ಕಾನ್ಫಿಗ್.ಸಿಸ್’ ಫೈಲಿನಲ್ಲೂ ಎರಡು ಸಾಲು ಬಂದು ಕೂರುತ್ತವೆ. ಸಾಮಾನ್ಯ ಆಟಗಳಿಗೆ ಅವು ಬೇಕಾಗಿಲ್ಲ. ಆಟಗಳು ಕಾರ್ಡಿನ ಜೊತೆ ನೇರವಾಗಿ ಮಾತಾಡುತ್ತವೆ ಎಂದು ಆಗಲೇ ಹೇಳಿದೆನಲ್ಲ. ಡಾಸಿಗೆ ಸಿಗುವುದೇ 640 ಕಿಲೋಬೈಟಿನ ಅಂಗಳ, ಅದರಲ್ಲಿ ಬೇಡದವರಿಗೆ ಚಾಪೆ ಹಾಸುವುದು ಏಕೆ? ಆ ಸಾಲುಗಳ ಮುಂದೆ ‘ರೆಮ್’ ಎಂದು ಸೇರಿಸಿದರೆ ಡಾಸ್ ಅವನ್ನು ದಾಟಿ ಹೋಗುತ್ತದೆ.

ರೋಗ ಮತ್ತು ಮದ್ದು

ನಮ್ಮ ಸಂಘದ ಗೆಳೆಯನೊಬ್ಬ ಹೋದ ಮಳೆಗಾಲದಲ್ಲಿ ಒಂದು ಸೌಂಡ್ ಬ್ಲಾಸ್ಟರ್ ಪ್ರೊ ಕಾರ್ಡು ತಂದಿದ್ದ. ಎರಡು ದಿನ ಒದ್ದಾಡಿ, ‘ಇದು ಹೋಗಿದೆ ಮಾರಾಯ, ಭಂಗಾರದವನಿಗೇ ವಾಪಸು ಕೊಡ್ತೇನೆ’ ಅಂದ. ‘ಪೂರಾ ಮೌನವೋ?’ ಅಂತ ಕೇಳಿದೆ. ‘ಇಲ್ಲ, ಹಾಡು ಬರ್ತದೆ. ಗುಂಡು ಹಾರಿಸಿದ್ರೆ ಸದ್ದಿಲ್ಲ’ ಅಂದ. ಹಾಡು ಬರುತ್ತದೆ ಅಂದ ಕೂಡಲೇ ಅರ್ಧ ಕೆಲಸ ಮುಗಿದ ಹಾಗೆ. ಡೂಮ್ ಆಟ ಶುರುವಾಗುವಾಗ ಪರದೆಯ ಮೇಲೆ ಸರಸರ ಓಡುವ ಸಾಲುಗಳನ್ನು ನಿಧಾನಿಸಿ ಓದಲು ಹೇಳಿದೆ. ಸೌಂಡ್ ಬ್ಲಾಸ್ಟರ್ ಉತ್ತರ ಕೊಡುತ್ತಿಲ್ಲ ಎಂದು ವಿಳಾಸ, ಗಂಟೆ, ಹಮಾಲ ಮೂರರ ನಂಬರಿನ ಸಮೇತ ಆಟವೇ ಅಲ್ಲಿ ದೂರು ಬರೆದಿತ್ತು. ಗಂಟೆ 5 ಅಂತ ಇತ್ತು. ಪೆಟ್ಟಿಗೆ ಬಿಚ್ಚಿ ಟಾರ್ಚು ಹಾಕಿ ನೋಡಿದರೆ ಜಂಪರು 7ರ ಮೇಲೆ. ಟೊಪ್ಪಿಗೆ ತೆಗೆದು 5ರ ಮೇಲೆ ಇಟ್ಟೆವು. ಪಿಸ್ತೂಲು ಹಾರಿತು, ಪಕ್ಕದ ಖೋಲಿಯವರು ಬಂದು ಬಾಗಿಲು ತಟ್ಟುವಷ್ಟು ಜೋರಾಗಿಯೇ ಹಾರಿತು.

ಹೀಗೆ ಲಕ್ಷಣ ನೋಡಿ ಕಾರಣ ಹೇಳಬಹುದಾದ ಕೆಲವನ್ನು ಒಟ್ಟಿಗೆ ಕೊಡುತ್ತೇನೆ.

ಸಂಗೀತ ಇದೆ, ಸದ್ದಿಲ್ಲ: ಗಂಟೆ ಇಲ್ಲವೇ ಹಮಾಲ ಹೊಂದಿಲ್ಲ. ಮೂರು ಜಾಗವನ್ನೂ ತಾಳೆ ನೋಡಿ.

ಸದ್ದಿನ ಮೊದಲ ತುಣುಕೇ ತಿರುತಿರುಗಿ ಬರುತ್ತದೆ, ತಡವರಿಸುವವನ ಮಾತಿನ ಹಾಗೆ: ಹಮಾಲ ಸರಿ, ಗಂಟೆ ತಪ್ಪು. ಕಾರ್ಡು ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಿಲ್ಲ. ಮುಂದಿನ ಕಂತು ಬಂದಿಲ್ಲ, ಇದ್ದದ್ದನ್ನೇ ಒಪ್ಪಿಸುತ್ತಿದೆ.

ಸಂಗೀತವೂ ಇಲ್ಲ, ಸದ್ದೂ ಇಲ್ಲ: ಮೊದಲು ಸ್ಪೀಕರಿನ ತಂತಿ ಸರಿಯಾದ ತೂತಿನಲ್ಲಿದೆಯೇ ನೋಡಿ. ಆಮೇಲೆ ಕಾರ್ಡಿನ ಜೊತೆ ಬರುವ ಮಿಕ್ಸರ್ ಪ್ರೋಗ್ರಾಮಿನಲ್ಲಿ ದನಿ ಸೊನ್ನೆಗೆ ಇಳಿದಿದೆಯೇ ನೋಡಿ. ಪ್ಲಗ್ ಅಂಡ್ ಪ್ಲೇ ಕಾರ್ಡಾದರೆ ಅದನ್ನು ಎಬ್ಬಿಸಿದ್ದೀರಾ ನೋಡಿ. ಇಷ್ಟಾದ ಮೇಲೆ ವಿಳಾಸದ ಮಾತು.

ಒಂದು ಆಟ ಮಾತಾಡುತ್ತದೆ, ಅದಕ್ಕಿಂತ ಹಳೆಯದು ಮಾತಾಡುವುದಿಲ್ಲ: ಇದು ವೇಗದ ರೋಗ. ಹಳೆಯ ಆಟಗಳು ಪೇಟಿ ಮಾಸ್ತರು ಇದ್ದಾರೋ ಇಲ್ಲವೋ ಎಂದು ತಿಳಿಯಲು ಚಿಪ್ಪಿನೊಳಗಿನ ಗಡಿಯಾರವನ್ನು ಹೊರಡಿಸಿ, ಸ್ವಲ್ಪ ಹೊತ್ತು ತಡೆದು, ಅದು ಓಡಿತೇ ಎಂದು ನೋಡುತ್ತವೆ. ನಿಧಾನದ ಪ್ರೊಸೆಸರಿಗೆ ಅಳೆದಿಟ್ಟ ಆ ‘ಸ್ವಲ್ಪ ಹೊತ್ತು’ ಪೆಂಟಿಯಮ್ಮಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಮಾಸ್ತರು ‘ಓ’ ಅನ್ನುವ ಮೊದಲೇ ಆಟ ‘ಯಾರೂ ಇಲ್ಲ’ ಅಂತ ತಿರುಗಿ ಹೋಗಿರುತ್ತದೆ. ಬಯಾಸಿನಲ್ಲಿ ಕ್ಯಾಶ್ ಮೆಮೊರಿಯನ್ನು ನಿಲ್ಲಿಸಿದರೆ ಯಂತ್ರ ಮುದುಕನ ಹಾಗೆ ನಡೆಯತೊಡಗುತ್ತದೆ, ಆಗ ಇಬ್ಬರ ಭೇಟಿ ಆಗುತ್ತದೆ.

ಇಷ್ಟೆಲ್ಲ ಯಾಕೆ?

ಇದನ್ನು ಕೇಳದವರೇ ಇಲ್ಲ. 2002ರಲ್ಲಿ ಬಂದ ‘ಡಾಸ್‌ಬಾಕ್ಸ್’ ಎಂಬ ಪ್ರೋಗ್ರಾಮು ಈಗಿನ ಲ್ಯಾಪ್‌ಟಾಪಿನಲ್ಲೇ ಒಂದು ನಕಲಿ ಡಾಸ್ ಪಿಸಿಯನ್ನು ಕಟ್ಟಿಕೊಡುತ್ತದೆ, ಅದರಲ್ಲಿ ನಕಲಿ ಸೌಂಡ್ ಬ್ಲಾಸ್ಟರೂ ಇದೆ, ಜಂಪರೂ ಬೇಡ, ರಬ್ಬರೂ ಬೇಡ. ನಿಜ. ಆಟ ಆಡಿದರೆ ಸಾಕು ಅನ್ನುವವರಿಗೆ ಅದೇ ಸಾಕು, ನಾನೂ ಪರೀಕ್ಷೆಯ ಹೊತ್ತಿನಲ್ಲಿ ಅದರಲ್ಲೇ ಆಡುವವನು. ಆದರೆ ನಕಲು ಸರಿಯಾಗಿದೆ ಅಂತ ಹೇಳಬೇಕಾದರೆ ಪಕ್ಕದಲ್ಲಿ ಮೂಲ ಇರಬೇಕಲ್ಲ? ಯಮಾಹ ಚಿಪ್ಪಿನ ನಕಲು ಇವತ್ತು ಇಷ್ಟು ಚೆನ್ನಾಗಿ ನುಡಿಯುತ್ತಿದ್ದರೆ ಅದಕ್ಕೆ ಕಾರಣ, ಆಸಕ್ತರು ನಿಜವಾದ ಚಿಪ್ಪಿನ ಹೊದಿಕೆ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗೆ ಚಿತ್ರ ತೆಗೆದು ಒಳಗಿನ ಕೋಷ್ಟಕಗಳನ್ನು ಓದಿದ್ದು, ನಿಜವಾದ ಕಾರ್ಡಿನ ದನಿಯ ಜೊತೆ ಹೋಲಿಸಿ ನೋಡಿದ್ದು. ನಮ್ಮಲ್ಲಿ ಹಳೆಯ ಕಾವ್ಯ ಓದುವವರಿಗೆ ಇದು ಹೊಸದಲ್ಲ. ಅಚ್ಚಾದ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಪಾಠದ ಬಗ್ಗೆ ಅನುಮಾನ ಬಂದಾಗ ಓಲೆಗರಿಯನ್ನೇ ಬಿಚ್ಚಿ ನೋಡಬೇಕು. ಓಲೆಗರಿ ಒಲೆಗೆ ಹೋದ ಮೇಲೆ ನೋಡುವುದೇನನ್ನು?

ಇನ್ನೊಂದು ಮಾತು. ಈಗಿನ ಯಂತ್ರಗಳು ತಮ್ಮೊಳಗಿನ ವ್ಯವಹಾರವನ್ನು ನಮಗೆ ಕಾಣಗೊಡುವುದಿಲ್ಲ. ಕೆಲಸ ಮಾಡಿದರೆ ಮಾಡಿತು, ಇಲ್ಲದಿದ್ದರೆ ಆರಿಸಿ ಹೊತ್ತಿಸು, ಅಷ್ಟೇ ನಮಗೆ ಉಳಿದಿರುವ ವಿದ್ಯೆ. ಡಾಸ್ ಪಿಸಿ ಹಾಗಲ್ಲ. ಅದು ಸಹಾಯ ಮಾಡುವುದಿಲ್ಲ, ಆದರೆ ಮುಚ್ಚಿಡುವುದೂ ಇಲ್ಲ. ಪ್ರೊಸೆಸರು, ಮೆಮೊರಿ, ಗಂಟೆ, ಹಮಾಲ ಇವರೆಲ್ಲ ಹೇಗೆ ಕೂಡಿ ಕೆಲಸ ಮಾಡುತ್ತಾರೆ ಅಂತ ಕಂಪ್ಯೂಟರ್ ವಿಜ್ಞಾನದ ತರಗತಿಯಲ್ಲಿ ಬೋರ್ಡಿನ ಮೇಲೆ ಬಾಣ ಎಳೆದು ಹೇಳುವುದನ್ನು ಇಲ್ಲಿ ಕಿವಿಯಿಂದಲೇ ಕೇಳಬಹುದು. ಒಂದು ಟೊಪ್ಪಿಗೆ ಸರಿಸಿ, ಸದ್ದು ನಿಲ್ಲುತ್ತದೆ. ವಾಪಸು ಇಡಿ, ಬರುತ್ತದೆ. ಇಂಥ ಪಾಠ ಮರೆಯುವುದಿಲ್ಲ.

ಹಾಗಾಗಿ ನಿಮ್ಮ ಮನೆಯ ಅಟ್ಟದ ಮೇಲೋ ಚಿಕ್ಕಪ್ಪನ ಆಫೀಸಿನ ಮೂಲೆಯಲ್ಲೋ ಹಳೆಯ ಪಿಸಿ ಕೂತಿದ್ದರೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಮುಚ್ಚಳ ಬಿಚ್ಚಿ. ಕಪ್ಪು ಸ್ಲಾಟಿನಲ್ಲಿ ಏನಿದೆ ನೋಡಿ. ಕಾರ್ಡಿನಲ್ಲಿ ಏನು, ಫೈಲಿನಲ್ಲಿ ಏನು, ಆಟದಲ್ಲಿ ಏನು ಅಂತ ಮೂರು ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ತಾಳೆ ಹಾಕಿ. ಮೂರೂ ಒಂದೇ ಆದ ಮೇಲೂ ಅದು ಮಾತಾಡದಿದ್ದರೆ ಆಗ ಬೇಕಾದರೆ ಸತ್ತಿದೆ ಅನ್ನಿ. ಆ ಚೀಟಿಯನ್ನು ಕಾರ್ಡಿನ ಜೊತೆಗೇ ಪೆಟ್ಟಿಗೆಯೊಳಗೆ ಅಂಟಿಸಿಡುವುದನ್ನು ಮರೆಯಬೇಡಿ, ಮುಂದೆ ಅದನ್ನು ಬಿಚ್ಚುವವರಿಗೆ ನಿಮ್ಮಿಂದ ಅಷ್ಟು ಉಪಕಾರವಾಗಲಿ.